ಸ್ಥಾಪಕರ ಕನ್ನಡಕ

ಎಲ್ಲದಕ್ಕೂ ಮೂಲ ಒಂದು ತಿರುಪು ಮೊಳೆ. ಎಳ್ಳಿಗಿಂತ ದೊಡ್ಡದೇನಲ್ಲ. ಬಿಲ್ಲುಗಾರರ ಸಂಘದ ಸ್ಥಾಪನಾ ದಿನದ ಬೆಳಿಗ್ಗೆ ಅದು ಅಧ್ಯಕ್ಷರ ಕನ್ನಡಕದಿಂದ ಕಳಚಿ ಎಲ್ಲೋ ಬಿದ್ದುಹೋಯಿತು. ಅಧ್ಯಕ್ಷರು ಒಂದು ಕೈಯಲ್ಲಿ ಚೌಕಟ್ಟನ್ನೂ ಇನ್ನೊಂದರಲ್ಲಿ ಅದರ ಕಡ್ಡಿಯನ್ನೂ ಹಿಡಿದುಕೊಂಡು, ಕನ್ನಡಕದ ಅಂಗಡಿ ತೆರೆಯುವ ಮೊದಲೇ ಬಂದು, ಅದರ ಪಕ್ಕದ ಔಷಧದಂಗಡಿಯ ಮುಂದೆ ಕಾಯುತ್ತಾ ನಿಂತಿದ್ದರು.

"ಸಾರ್, ನನ್ನ ಅಂಗಡಿ ಇದು" ಎಂದು ಕನ್ನಡಕದವನು ಅವರ ಕೈಹಿಡಿದು ಒಳಗೆ ಕರೆತಂದ.

"ಗೊತ್ತು, ಗೊತ್ತು. ಸುಮ್ಮನೆ ಗಾಳಿಗೆ ನಿಂತಿದ್ದೆ" ಎಂದರು ಅಧ್ಯಕ್ಷರು, ಕುರ್ಚಿಯ ಪಕ್ಕದಲ್ಲಿದ್ದ ಬುಟ್ಟಿಯ ಮೇಲೆ ಕೂರುತ್ತಾ.

ಕನ್ನಡಕಕ್ಕೆ ಚಾಳೀಸು ಎನ್ನುವ ಪೇಟೆಯವರು ಕನ್ನಡಕದವನಿಗೆ ಇಟ್ಟ ಹೆಸರು ಚಾಳೀಸಪ್ಪ. ಸಾಧು ಮನುಷ್ಯ. ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲ. ಆ ತಲೆಯ ಹೊಳಪು ನೋಡಿ, ಗಿರಾಕಿಗಳು ಹೊಸ ಚೌಕಟ್ಟು ಹಾಕಿಕೊಂಡಾಗ ಅಂಗಡಿಯಲ್ಲಿ ಬೇರೆ ಕನ್ನಡಿ ಯಾಕೆ, ಇವನು ತಲೆ ಬಗ್ಗಿಸಿದರೆ ಸಾಲದೆ ಎಂದು ಅವನ ಹೆಂಡತಿಯ ಅಣ್ಣ ಕೇಳುವುದಿತ್ತು. ಧೈರ್ಯದ ವಿಷಯಕ್ಕೆ ಬಂದರೆ, ರಸ್ತೆಯಲ್ಲಿ ಹಿಂದಿನಿಂದ ಸೈಕಲ್ ಗಂಟೆ ಕೇಳಿದರೆ ಚಾಳೀಸಪ್ಪ ಪಕ್ಕಕ್ಕೆ ಸರಿಯುತ್ತಿರಲಿಲ್ಲ. ಚರಂಡಿ ದಾಟಿ ಯಾರದಾದರೂ ಮನೆಯ ಗೇಟಿನೊಳಗೆ ನಿಲ್ಲುತ್ತಿದ್ದ.

ಅಧ್ಯಕ್ಷರು ತಂದ ಕನ್ನಡಕ ಸಾಮಾನ್ಯದ್ದಲ್ಲ. ದುಂಡನೆಯ ಹಿತ್ತಾಳೆ ಚೌಕಟ್ಟು, ಸೀಸೆಯ ತಳದಷ್ಟು ದಪ್ಪ ಗಾಜು. ಸಂಘದ ಸ್ಥಾಪಕರು ಹಾಕಿಕೊಳ್ಳುತ್ತಿದ್ದದ್ದು. ಅಧ್ಯಕ್ಷರಿಂದ ಅಧ್ಯಕ್ಷರಿಗೆ ದಾಟುತ್ತಾ ಬಂದು ಈಗ ಇವರ ಬಳಿ ಇತ್ತು. ಸ್ಥಾಪನಾ ದಿನ ಅದನ್ನು ಧರಿಸದೆ ಅಧ್ಯಕ್ಷರು ಬಿಲ್ಲು ಮುಟ್ಟುವಂತಿಲ್ಲ. ಅದು ಸಂಪ್ರದಾಯ.

ಚಾಳೀಸಪ್ಪ ಹೊಸ ತಿರುಪು ಹಾಕಿದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನು ಕಸುಬುದಾರ. ಕೈಗೆ ಬಂದ ಕನ್ನಡಕವನ್ನು ಪವರ್ ನೋಡುವ ಯಂತ್ರಕ್ಕೆ ಇಡದೆ ಅವನಿಗೆ ಸಮಾಧಾನವಿಲ್ಲ. ಇಟ್ಟು ನೋಡಿದ. ಅದು ಬರೀ ಹತ್ತಿರದ್ದನ್ನು ಓದುವ ಗಾಜು. ಹಾಕಿಕೊಂಡರೆ ಅಂಗೈ ಕಾಣುತ್ತದೆ, ಮುಂಬಾಗಿಲು ಕಾಣುವುದಿಲ್ಲ.

"ಸಾರ್, ಇದನ್ನ ಹಾಕ್ಕೊಂಡು ಎದುರಿಗಿರೋ ಹಲಗೆ ಓದ್ತೀರಾ?"

"ಯಾವ ಹಲಗೆ?"

"ಅದೇ ಸಾರ್, ಗೋಡೆ ಮೇಲಿರೋದು."

ಅಧ್ಯಕ್ಷರು ಕತ್ತು ಮುಂದೆ ಚಾಚಿ ಕೇಳಿದರು: "ಯಾವ ಗೋಡೆ?"

ಕನ್ನಡಕ ತೆಗೆಸಿ ನೋಡಿದ. ಗೋಡೆ ಸಿಕ್ಕಿತು, ಹಲಗೆ ಸಿಗಲಿಲ್ಲ. ಅಭ್ಯಾಸದಂತೆ ಯಂತ್ರದಲ್ಲಿ ಕಣ್ಣಿನ ಅಳತೆಯನ್ನೂ ತೆಗೆದುಕೊಂಡ. ಅಧ್ಯಕ್ಷರಿಗೆ ದೂರದೃಷ್ಟಿ ಮೊದಲೇ ಮಂದ. ಅದರ ಮೇಲೆ ಈ ಗಾಜು ಹಾಕಿದರೆ ಮಂಜಿನಲ್ಲಿ ಕಂಬಳಿ ಹೊದ್ದು ನಡೆದಂತೆ. ಅವರು ಸ್ಟೇಷನ್ ಮಾಸ್ಟರ್ ಆಗಿದ್ದವರು. ಅವರು ನಿವೃತ್ತರಾದ ಮೇಲೆ ರೈಲುಗಳು ಸುಖವಾಗಿದ್ದವು.

"ಇವತ್ತು ಸಂಜೆ ಬಾಣ ಬಿಡೋರು ತಾವೇ ಅಲ್ವಾ ಸಾರ್?"

"ನಾನಲ್ಲದೆ ಇನ್ಯಾರು?"

"ಮಡಕೆ ಕಾಣುತ್ತಾ?"

"ಕಾಣಲೇಬೇಕು ಅಂತ ಏನಿದೆಯಪ್ಪ? ಸಂಪ್ರದಾಯ ಇದೆಯಲ್ಲ" ಎಂದು ಅಧ್ಯಕ್ಷರು ನಕ್ಕರು. "ನನ್ನ ಕಣ್ಣಿನ ವಿಷಯ ಹೊರಗೆ ಬಿಡಬೇಡ. ಇದನ್ನ ಚೆನ್ನಾಗಿ ಒರೆಸಿ ಪೆಟ್ಟಿಗೇಲಿಟ್ಟಿರು. ಕಾರ್ಯದರ್ಶಿಗಳು ಬಂದು ತಗೊಂಡು ಹೋಗ್ತಾರೆ."

ಅವರು ಹೊರಗೆ ಹೋಗಿ, ಅಂಗಡಿಯ ಮುಂದೆ ನಿಲ್ಲಿಸಿದ್ದ ಮೋಟಾರ್ ಬೈಕಿಗೆ ನಮಸ್ಕಾರ ಮಾಡಿ, ಮನೆಯ ಕಡೆ ನಡೆದರು.

ಸಂಘದ ಮಡಕೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಂಘ ಶುರುವಾದ ದಿನ ಸ್ಥಾಪಕರು ಮೈದಾನದ ಒಂದು ತುದಿಯಲ್ಲಿ ನಿಂತು, ಇನ್ನೊಂದು ತುದಿಯಲ್ಲಿ ತಮ್ಮ ಭಾವಮೈದುನ ಕೋಲಿನ ಮೇಲೆ ಎತ್ತಿ ಹಿಡಿದಿದ್ದ ಮಡಕೆಯನ್ನು ಒಂದೇ ಬಾಣಕ್ಕೆ ಒಡೆದರಂತೆ. ಅಂದಿನಿಂದ ಪ್ರತಿ ಸ್ಥಾಪನಾ ದಿನ ಅಧ್ಯಕ್ಷರು ಬಾಣ ಬಿಡುವುದು, ಸಂಘಕ್ಕೆ ಎಲ್ಲರಿಗಿಂತ ಕೊನೆಗೆ ಸೇರಿದ ಸದಸ್ಯ ಮಡಕೆಯ ಕೋಲು ಹಿಡಿಯುವುದು. ಹಿಡಿದವನನ್ನು 'ಮಡಕೆಯವನು' ಎನ್ನುತ್ತಾರೆ.

'ಪಾಪ, ಈ ವರ್ಷದ ಮಡಕೆಯವನು ಯಾರೋ' ಎಂದು ಚಾಳೀಸಪ್ಪ ಗಾಜು ಒರೆಸುತ್ತಾ ಮರುಗಿದ. 'ಹೆಂಡತಿ ಇದ್ದಾಳೋ ಏನೋ.'

ಆಗ ಅವನ ಹೆಂಡತಿಯ ಅಣ್ಣ ಒಳಗೆ ಬಂದ.

ಹೆಂಡತಿಯ ಅಣ್ಣ ಸಂಘದ ಕಾರ್ಯದರ್ಶಿ. ಅವನೂ ಚಾಳೀಸಪ್ಪನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದುದರಿಂದ, ಇಬ್ಬರಿಗೂ ಜಗಳವಾದಾಗ ಯಾರು ಯಾರನ್ನು ಬೈದರೆಂದು ಆಚೆ ಮನೆಯವರಿಗೆ ತಿಳಿಯುತ್ತಿರಲಿಲ್ಲ.

"ಭಾವ, ಕೈ ಕೊಡಿ! ನಮ್ಮ ಮನೆತನದ ಗೌರವ ಹೆಚ್ಚಿಸಿದ್ರಿ. ಇವತ್ತು ಮಡಕೆ ನಿಮ್ಮದು."

ಚಾಳೀಸಪ್ಪನ ಕೈಯಲ್ಲಿದ್ದ ಬಟ್ಟೆ ಬಿತ್ತು. "ನಾನಾ? ನಾನು ಕೇರಂ ಆಡೋಕೆ ಸೇರಿದ್ದು ಭಾವ! ಜಗಲಿ ಮೇಲೆ ಫ್ಯಾನಿದೆ, ಕೂತ್ಕೊಳ್ಳಿ ಅಂತ ನೀವೇ ಸೇರಿಸಿದ್ದು. ಬಿಲ್ಲಿನ ಯಾವ ಕಡೆ ಹಗ್ಗ ಇರುತ್ತೆ ಅಂತಾನೂ ನಂಗೊತ್ತಿಲ್ಲ."

"ಮಡಕೆ ಹಿಡಿಯೋಕೆ ಅದೆಲ್ಲ ಬೇಡ. ಸೇರಿದ್ದು ಸೇರಿದ್ದೇ."

"ನನಗಿಂತ ಹೊಸಬರು ಔಷಧದಂಗಡಿಯವರು ಇದ್ದಾರಲ್ಲ?"

"ಅವರು ನಿನ್ನೆ ರಾಜೀನಾಮೆ ಕೊಟ್ರು. ಇದ್ದಕ್ಕಿದ್ದ ಹಾಗೆ ಸೊಂಟ ಹಿಡ್ಕೊಂಡಿತಂತೆ."

"ಹಾಗಾದ್ರೆ ನಾನೂ ಕೊಡ್ತೀನಿ! ನನಗೂ ಹಿಡ್ಕೊಂಡಿದೆ!"

"ಸ್ಥಾಪನಾ ದಿನ ರಾಜೀನಾಮೆ ತಗೊಳ್ಳೋ ಸಂಪ್ರದಾಯ ಇಲ್ಲ" ಎಂದು ಕಾರ್ಯದರ್ಶಿ ಗಂಭೀರವಾಗಿ ಹೇಳಿದ.

ಚಾಳೀಸಪ್ಪ ದನಿ ತಗ್ಗಿಸಿದ. ಗಿರಾಕಿಯ ಗುಟ್ಟು ಬಿಡಬಾರದು, ಜೀವವನ್ನೂ ಬಿಡಬಾರದು. "ಭಾವ, ಅಧ್ಯಕ್ಷರ ಕಣ್ಣು ಇದೆಯಲ್ಲ..."

"ಹದ್ದಿನ ಕಣ್ಣು!" ಎಂದ ಕಾರ್ಯದರ್ಶಿ. "ಸಂಘ ಹುಟ್ಟಿದಾಗಿನಿಂದ ಮಡಕೆ ಒಡೆಯದೆ ಉಳಿದ ವರ್ಷ ಒಂದೂ ಇಲ್ಲ. ಯಾರ ಜೀವಕ್ಕೂ ಏನೂ ಆಗಿಲ್ಲ. ಬನ್ನಿ, ಕೋಲು ಹಿಡಿಯೋದು ತೋರಿಸ್ತೀನಿ."

ಸಂಘದ ಹಜಾರದಲ್ಲಿ ಬಿಲ್ಲಿನ ಮೇಣದ ವಾಸನೆ. ಗೋಡೆಯ ಉದ್ದಕ್ಕೂ ಹಳೆಯ ಮಡಕೆಯವರ ಫೋಟೋಗಳು, ಒಂದನ್ನು ಬಿಟ್ಟು ಉಳಿದವೆಲ್ಲ ಬಾಣ ಬಿಡುವ ಗಳಿಗೆಯಲ್ಲಿ ತೆಗೆದವು. ಹಲ್ಲಿನ ವೈದ್ಯ, ಪೋಸ್ಟ್‌ಮ್ಯಾನ್, ಬೇಕರಿಯವನು. ಸೂಟು ಹಾಕಿದವರು, ಮೀಸೆ ಬಿಟ್ಟವರು, ಪೈಲ್ವಾನರಂತಿದ್ದವರು. ಒಬ್ಬರೂ ಕಣ್ಣು ತೆರೆದಿರಲಿಲ್ಲ. ಗೋಡೆಯ ತುಂಬ ಕಣ್ಣು ಮುಚ್ಚಿ ಹಲ್ಲು ಕಚ್ಚಿದ ಮುಖಗಳು. ಒಟ್ಟಿಗೆ ಹಲ್ಲು ಕೀಳಿಸಿಕೊಳ್ಳುತ್ತಿರುವ ಒಂದು ಕುಟುಂಬದ ಹಾಗೆ. ಕಾರ್ಯದರ್ಶಿಯ ಫೋಟೋ ಸಹ ಅಲ್ಲಿತ್ತು. ಅದರಲ್ಲಿ ಅವನು ಅಳುತ್ತಿದ್ದ.

"ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತು" ಎಂದ ಕಾರ್ಯದರ್ಶಿ.

"ಇವರದ್ಯಾಕೆ ಪಕ್ಕದಿಂದ ತೆಗೆದಿದ್ದಾರೆ?" ಎಲ್ಲ ಫೋಟೋಗಳ ನಡುವೆ ಒಂದು ಮಾತ್ರ ಪಕ್ಕದಿಂದ ತೆಗೆದದ್ದಾಗಿತ್ತು.

ಕಾರ್ಯದರ್ಶಿ ಕೆಮ್ಮಿದ. "ಅವರಿಗೆ ಹಾಗೆ ತೆಗೆಸ್ಕೊಳ್ಳೋದು ಇಷ್ಟ ಇತ್ತು. ನಡೀರಿ, ಕೋಲು ಹಿಡೀರಿ."

ಕೋಲು ಭಾರವಾಗಿತ್ತು. ತುದಿಯಲ್ಲಿ ಮಡಕೆ ಕೂರಲು ಒಂದು ಸಣ್ಣ ಮರದ ಬಟ್ಟಲು. ನೇರ ಹಿಡಿದರೆ ಬಟ್ಟಲು ಸರಿಯಾಗಿ ನೆತ್ತಿಯ ಮೇಲೆ ಬರುತ್ತಿತ್ತು, ನೆತ್ತಿಗೂ ಅದಕ್ಕೂ ನಡುವೆ ಒಂದು ಮೊಳದ ಜಾಗ. ಚಾಳೀಸಪ್ಪನ ಕೈಯಲ್ಲಿ ಅದು ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ತೂಗಾಡಿತು.

"ಪರವಾಗಿಲ್ಲ, ಚೆನ್ನಾಗಿ ನಡುಗ್ತೀರಿ" ಎಂದು ಕಾರ್ಯದರ್ಶಿ ಮೆಚ್ಚಿದ. ಅದರಲ್ಲಿ ಮೆಚ್ಚುವುದೇನಿದೆ ಎಂದು ಚಾಳೀಸಪ್ಪನಿಗೆ ಅರ್ಥವಾಗಲಿಲ್ಲ.

ಅಲ್ಲಿಂದ ಅವನು ನೇರ ಸಲೂನಿಗೆ ಓಡಿದ. ಕಳೆದ ವರ್ಷದ ಮಡಕೆಯವನು ಸಲೂನಿನ ಯಜಮಾನ. ಬೊಕ್ಕತಲೆಯವನು ಸಲೂನಿಗೆ ನುಗ್ಗಿದ್ದು ಕಂಡು ಕಾಯುತ್ತಿದ್ದ ಗಿರಾಕಿಗಳೆಲ್ಲ ಪತ್ರಿಕೆ ಕೆಳಗಿಟ್ಟರು.

"ಏನು ಚಾಳೀಸಪ್ಪನೋರೇ, ಪಾಲಿಷ್ ಹಾಕಿಸೋಕಾ?" ಎಂದ ಒಬ್ಬ.

ಚಾಳೀಸಪ್ಪ ಸಲೂನಿನವನನ್ನು ಮೂಲೆಗೆ ಕರೆದ. "ಹೋದ ವರ್ಷ ಏನಾಯ್ತು? ನಿಜ ಹೇಳಿ."

ಸಲೂನಿನವನು ಕತ್ತಿಯನ್ನು ಪಟ್ಟಿಗೆ ಮಸೆಯುತ್ತಾ ಅವನನ್ನೇ ನೋಡಿದ. "ಈಗ ಹೇಳೋ ಹಾಗಿಲ್ಲ. ಹಳೆ ಮಡಕೆಯವನು ಹೊಸಬನಿಗೆ ಮೈದಾನದಲ್ಲೇ ಕಿವಿಮಾತು ಹೇಳಬೇಕು. ಅದು ಸಂಪ್ರದಾಯ."

"ಏನು ಕಿವಿಮಾತು? ಆಶೀರ್ವಾದಾನಾ?"

"ಆಶೀರ್ವಾದ ಅಂದ್ರೂ ಆಯ್ತು. ನೀವು ಯೋಚನೆ ಮಾಡಬೇಡಿ. ನನಗೇನಾಯ್ತು ಹೇಳಿ? ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ, ಹೆಂಡತಿ ಜೊತೆ ಜಗಳ ಆಡಿದ್ದಕ್ಕೆಲ್ಲ ಕ್ಷಮೆ ಕೇಳಿದೆ. ಅಷ್ಟೇ. ನಿಮಗಂತೂ ಒಂದು ಅನುಕೂಲ ಇದೆ."

"ಏನು?"

"ಕೂದಲು ಕೆಡೋ ಭಯ ಇಲ್ಲ."

ಸಲೂನು ಗೊಳ್ಳೆಂದಿತು. ಚಾಳೀಸಪ್ಪ ನಗಲು ಹೋದ. ಹಲ್ಲುಗಳು ಒಂದಕ್ಕೊಂದು ತಾಗಿ ಟಕಟಕ ಎಂದವು.

ಮನೆಗೆ ಬಂದಾಗ ಹೆಂಡತಿ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಅವಳ ಮುಖದಲ್ಲಿ ಮದುವೆಯ ದಿನವೂ ಕಾಣದಿದ್ದ ಕಳೆ.

"ಬಿಳಿ ಅಂಗಿ ಯಾಕೆ?" ಎಂದು ಕೇಳಿದ.

"ಮಡಕೆಯವರು ಬಿಳೀದೇ ಹಾಕಬೇಕಂತೆ. ಕೆಂಪು ಎದ್ದು ಕಾಣಲಿ ಅಂತ."

ಚಾಳೀಸಪ್ಪ ಗೋಡೆ ಹಿಡಿದುಕೊಂಡ. "ಯಾವ ಕೆಂಪು?"

"ಮಡಕೆ ಒಳಗೆ ಕೆಂಪು ನೀರು ತುಂಬಿರ್ತಾರೆ ಅಲ್ವೇನ್ರೀ? ಒಡೆದಾಗ ನಿಮ್ಮ ಮೇಲೆ ಚೆಲ್ಲುತ್ತೆ. ಎಲ್ಲಿಂದ ನೋಡಿದ್ರೂ ಕಾಣುತ್ತೆ."

"ನನಗೆ ಮೈ ಸರಿ ಇಲ್ಲ ಕಣೇ. ತಲೆ ಸುತ್ತು. ಹೊಟ್ಟೆ ನೋವು. ಎಡಗಾಲೂ ಮಡಚೋಕೆ ಆಗ್ತಿಲ್ಲ" ಎಂದು ಅವನು ಮಂಚದ ಮೇಲೆ ಬಿದ್ದುಕೊಂಡು ಹೊದಿಕೆ ಎಳೆದುಕೊಂಡ.

ಹೆಂಡತಿ ಕೂಗಿದಳು. ಪಕ್ಕದ ಮನೆಯ ನಿವೃತ್ತ ನರ್ಸಮ್ಮ, ಕೂಗು ಮುಗಿಯುವ ಮೊದಲೇ ಬಂದರು. ಕಾಯಿಲೆ ಬಿದ್ದವರನ್ನು ಕಂಡರೆ ಅವರಿಗೆ ಹುರುಪು. ನಾಡಿ ಹಿಡಿದರು, ನಾಲಿಗೆ ನೋಡಿದರು, ಮಡಚಲು ಬರುವುದಿಲ್ಲವೆಂದ ಎಡಗಾಲಿನ ಅಂಗಾಲಿಗೆ ಪೆನ್ನಿನ ತುದಿಯಿಂದ ಗೀರಿದರು. ಕಾಲು ಗಲ್ಲದವರೆಗೆ ಮಡಚಿಕೊಂಡಿತು.

"ಕಾಯಿಲೆ ಏನೂ ಇಲ್ಲಮ್ಮ. ಹೆದರಿದ್ದಾರೆ, ಅಷ್ಟೆ" ಎಂದು ನರ್ಸಮ್ಮ ತೀರ್ಪು ಕೊಟ್ಟರು. ಆಮೇಲೆ ಅವನ ಕಡೆ ತಿರುಗಿ, "ನೀವು ಧೈರ್ಯವಾಗಿ ಹೋಗಿಪ್ಪ. ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ. ಹತ್ತಿ, ಪಟ್ಟಿ, ಹೊಲಿಯೋ ಸೂಜಿ, ಎಲ್ಲ ಚೀಲದಲ್ಲಿ ಹಾಕ್ಕೊಂಡು ಬರ್ತೀನಿ. ಹಿಂದೆ ಒಬ್ಬರಿಗೆ ಕೊಡೋಕೆ ಆಗದ ಪ್ರಥಮ ಚಿಕಿತ್ಸೆ ನಿಮಗೆ ಕೊಡ್ತೀನಿ" ಎಂದರು.

"ಯಾರಿಗೆ? ಯಾವಾಗ?" ಎಂದು ಚಾಳೀಸಪ್ಪ ಎದ್ದು ಕೂತ.

"ಅಯ್ಯೋ, ಹಳೇ ಮಾತು ಬಿಡಿ."

ಹೆಂಡತಿ ಅಂಗಿಯನ್ನು ಅವನ ಎದೆಗೆ ಹಿಡಿದು ಅಳತೆ ನೋಡಿದಳು. "ನೋಡ್ರೀ, ನಮ್ಮ ತವರಿನವರೆಲ್ಲ ಬರ್ತಿದ್ದಾರೆ. ನೀವೇನಾದ್ರೂ ಓಡಿ ಬಂದ್ರೆ ಈ ಮನೆಗೆ ಬರಬೇಡಿ, ಅಂಗಡೀಲೇ ಮಲಗಿ."

ಹೊದಿಕೆಯ ಒಳಗೆ ಬೆವರುತ್ತಾ ಮಲಗಿದ್ದಾಗ ಅವನಿಗೆ ಹೊಳೆಯಿತು. ತಪ್ಪಿಸಿಕೊಳ್ಳುವ ದಾರಿ ಇಲ್ಲ. ಆದರೆ ಅಧ್ಯಕ್ಷರಿಗೆ ಕಾಣುವಂತೆ ಮಾಡುವ ದಾರಿ ಇದೆ! ಊರಿನಲ್ಲಿ ಆ ಕೆಲಸ ಬಲ್ಲವನು ಅವನೊಬ್ಬನೇ, ಕನ್ನಡಕವೂ ಅವನ ಅಂಗಡಿಯಲ್ಲೇ ಇದೆ. ಚೌಕಟ್ಟು ಸ್ಥಾಪಕರದೇ ಇರಲಿ. ಗಾಜು ಬದಲಾದದ್ದು ಯಾರಿಗೆ ತಿಳಿಯುತ್ತದೆ?

ಅಂಗಡಿಗೆ ಓಡಿ ಒಳಗಿನಿಂದ ಅಗುಳಿ ಹಾಕಿಕೊಂಡ. ಒಂದು ತೊಡಕಿತ್ತು. ಬಾಣ ಬಿಡುವ ಮೊದಲು ಅಧ್ಯಕ್ಷರು ಸಂಘದ ಪ್ರತಿಜ್ಞೆಯನ್ನು ಕಾಗದ ನೋಡಿ ಓದಬೇಕು. ಬರೀ ದೂರದ ಗಾಜು ಹಾಕಿದರೆ ಮಡಕೆ ಕಾಣುತ್ತದೆ, ಪ್ರತಿಜ್ಞೆ ಕಾಣುವುದಿಲ್ಲ. ಕನ್ನಡಕ ಬದಲಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಹಾಗಾಗಿ ಬೈಫೋಕಲ್ ಗಾಜು ಆರಿಸಿದ. ಮೇಲಿನ ಅರ್ಧದಲ್ಲಿ ದೂರದ್ದು, ಕೆಳಗಿನ ಅರ್ಧದಲ್ಲಿ ಹತ್ತಿರದ್ದು. ಬೆಳಿಗ್ಗೆ ನೋಡಿದ ಕಣ್ಣಿನ ಅಳತೆ ತಲೆಯಲ್ಲಿತ್ತು. ಅಂಚು ತೇಯುವ ಚಕ್ರ ಕಿರ್ರೆಂದಾಗಲೆಲ್ಲ ಬಾಣವೇ ಬಂತೆಂದು ಕುತ್ತಿಗೆ ಬಗ್ಗಿಸುತ್ತಾ, ದುಂಡನೆಯ ಹಿತ್ತಾಳೆ ಚೌಕಟ್ಟಿಗೆ ಎರಡು ಗಾಜುಗಳನ್ನೂ ಕೂರಿಸಿದ. ಮೊಣಕೈ ತಾಗಿ ಸ್ಥಾಪಕರ ಹಳೆಯ ಗಾಜುಗಳು ಮೇಜಿನಿಂದ ಉರುಳಿ ಪುಡಿಯಾದವು. ಹೋಗಲಿ, ಪೀಡೆ ತೊಲಗಿತು ಎಂದುಕೊಂಡು ಗುಡಿಸಿ ಬುಟ್ಟಿಗೆ ಹಾಕಿದ.

ಕಾರ್ಯದರ್ಶಿ ಬಂದು ಪೆಟ್ಟಿಗೆ ಒಯ್ದ. ತೆರೆದು ನೋಡಲಿಲ್ಲ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಚಾಳೀಸಪ್ಪ ಒಂದು ಲೋಟ ನೀರು ಕುಡಿದ. ಅರ್ಧ ಒಳಗೆ ಹೋಯಿತು, ಅರ್ಧ ಅಂಗಿಯ ಮೇಲೆ.

ಸಂಜೆ ಮೈದಾನದಲ್ಲಿ ಪೇಟೆಗೆ ಪೇಟೆಯೇ ನೆರೆದಿತ್ತು. ಮುಂದಿನ ಸಾಲಿನಲ್ಲಿ ನರ್ಸಮ್ಮ, ತೊಡೆಯ ಮೇಲೆ ಚೀಲ. ಪಕ್ಕದಲ್ಲಿ ಹೆಂಡತಿ, ಅವಳ ತವರಿನವರು. ಗೇಟಿನ ಬಳಿ, ಈ ಸಲದ ಆಟ ನೋಡಿಕೊಂಡು ಸಂಘಕ್ಕೆ ಸೇರೋಣವೆಂದು ಬಂದಿದ್ದ ಬ್ಯಾಂಕಿನ ಮೂವರು ನೌಕರರು. ಸಲೂನಿನವನು ಚಾಳೀಸಪ್ಪನ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ, ಕೈಹಿಡಿದು, ಮೈದಾನದ ಆ ತುದಿಯಲ್ಲಿದ್ದ ಮಣ್ಣಿನ ದಿಬ್ಬದ ಮುಂದೆ ಕರೆದುಕೊಂಡು ಹೋದ. ದಾರಿ ಉದ್ದಕ್ಕೂ ಚಪ್ಪಾಳೆ. ಕೊನೆಯ ಸಲ ನೋಡುತ್ತಿರುವವರಂತೆ ಜನ ಪ್ರೀತಿಯಿಂದ ನೋಡಿದರು.

ಸಲೂನಿನವನು ಕೋಲನ್ನು ಅವನ ಕೈಗೆ ಕೊಟ್ಟ. ಬಟ್ಟಲಿನ ಮೇಲೆ, ತುಂಬಿದ ಮಡಕೆ ಇಟ್ಟ. ಆಮೇಲೆ ಸಂಪ್ರದಾಯದಂತೆ ಕಿವಿಯ ಹತ್ತಿರ ಬಾಯಿ ತಂದ.

"ಈಗ ಕೇಳಿ. ಮುಖ ಹೀಗೇ ಇರಲಿ, ಚೆನ್ನಾಗಿದೆ. ಬಾಣ ಮಡಕೆಗೆ ತಾಗಲ್ಲ."

"ನನಗೆ ತಾಗುತ್ತಾ?"

"ಯಾರಿಗೂ ತಾಗಲ್ಲ. ಸಂಘ ಹುಟ್ಟಿದಾಗಿನಿಂದ ಒಂದು ಬಾಣವೂ ಮಡಕೆಗೆ ತಾಗಿಲ್ಲ. ಸ್ಥಾಪಕರು ಆವತ್ತು ಪೇಪರ್ ಓದೋ ಕನ್ನಡಕ ತೆಗೆಯೋದು ಮರೆತು ಬಾಣ ಬಿಟ್ರು. ಅದು ಎಲ್ಲೋ ಮೇಲೆ ಹೋಯ್ತು. ಅವರ ಭಾವಮೈದುನ ಹೆದರಿ ನಡುಗಿ ಮಡಕೆ ಕೆಡವಿದ. ಜನ ಒಡೆದ್ರು ಅಂತ ಚಪ್ಪಾಳೆ ಹೊಡೆದ್ರು. ಅವತ್ತಿಂದ ಹಂಗೇ ನಡ್ಕೊಂಡು ಬಂದಿದೆ. ಅಧ್ಯಕ್ಷರು ಬಿಲ್ಲು ಎತ್ತರಕ್ಕೆ ಹಿಡಿದು ದಿಬ್ಬದ ತುದಿಗೆ ಬಿಡ್ತಾರೆ. ಹಗ್ಗದ ಸದ್ದು ಕೇಳಿದ ತಕ್ಷಣ ನೀವು ಕೋಲು ಅಲ್ಲಾಡಿಸಿ. ಹಳೆ ಮಡಕೆಯವರೆಲ್ಲ ಓಡಿ ಬಂದು ಬಾಣ ಹುಡುಕಿ, ಕೆಂಪು ನೀರಲ್ಲಿ ಅದ್ದಿ ಎತ್ತಿ ತೋರಿಸ್ತೀವಿ. ಮುಗೀತು."

ಚಾಳೀಸಪ್ಪ ಸಂತೋಷಕ್ಕೆ ಮಡಕೆಯನ್ನು ಅಲ್ಲೇ ಕೆಡವುವುದರಲ್ಲಿದ್ದ. "ಇದನ್ನ ಬೆಳಿಗ್ಗೇನೇ ಹೇಳಬಾರದಿತ್ತೇನ್ರೀ!"

"ಹೇಳಿದ್ರೆ ಮುಖದಲ್ಲಿ ಈ ಭಯ ಬರ್ತಿತ್ತಾ? ಇದನ್ನ ನೋಡಿಯೇ ಜನ ನಂಬೋದು. ಅಧ್ಯಕ್ಷರಿಗೂ ಹಂಗೇ, ಸ್ಥಾಪಕರ ಕನ್ನಡಕ ಸುಮ್ಮನೆ ಹಾಕಿಸ್ತೀವಿ ಅಂದ್ಕೊಂಡ್ರಾ? ಅದು ಹಾಕಿದ್ರೆ ಏನೂ ಕಾಣಲ್ಲ. ಕಾಣಬಾರದು. ಕಂಡ್ರೆ ಗುರಿ ಇಡೋ ಚಪಲ ಬರುತ್ತೆ."

ಚಾಳೀಸಪ್ಪ ಮೈದಾನದಾಚೆ ಕಾರ್ಯದರ್ಶಿಯ ಕೈಲಿದ್ದ ಪೆಟ್ಟಿಗೆಯ ಕಡೆ ನೋಡಿದ.

"ಹಿಂದೆ ಒಬ್ಬ ಅಧ್ಯಕ್ಷರು ಕದ್ದು ತಮ್ಮ ಸ್ವಂತ ಕನ್ನಡಕ ಹಾಕ್ಕೊಂಡು ಬಂದ್ರು" ಎಂದು ಸಲೂನಿನವನು ಪಟ್ಟಿ ಸರಿಮಾಡುತ್ತಾ ಹೇಳಿದ. "ಮಡಕೆ ಕಾಣ್ತು. ಗುರಿ ಇಟ್ರು. ಹಜಾರದಲ್ಲಿ ಪಕ್ಕದಿಂದ ತೆಗೆದ ಫೋಟೋ ನೋಡಿದ್ರಲ್ಲ? ಆ ಇನ್ನೊಂದು ಪಕ್ಕಕ್ಕೆ ಕಿವಿ ಇಲ್ಲ. ಸರಿ, ಬರ್ತೀನಿ."

ಹೋಗುತ್ತಿದ್ದವನನ್ನು ಕರೆಯಲು ಚಾಳೀಸಪ್ಪ ಬಾಯಿ ತೆರೆದ. ಮತ್ತೆ ಎದ್ದ ಚಪ್ಪಾಳೆಯಲ್ಲಿ ಅವನ ಕೂಗು ಮುಳುಗಿಹೋಯಿತು.

ಮೈದಾನದ ಇನ್ನೊಂದು ತುದಿಯಲ್ಲಿ ಕಾರ್ಯದರ್ಶಿ ಪೆಟ್ಟಿಗೆ ತೆರೆದ. ಅಧ್ಯಕ್ಷರು ಸ್ಥಾಪಕರ ಕನ್ನಡಕ ಧರಿಸಿದರು. ಪ್ರತಿಜ್ಞೆಯ ಕಾಗದ ಕೈಗೆ ತೆಗೆದುಕೊಂಡರು. ಪ್ರತಿ ವರ್ಷ ಅದನ್ನು ಮೂಗಿಗೆ ಒತ್ತಿ ಹಿಡಿದು ತಡವರಿಸುತ್ತಿದ್ದವರು, ಈ ಸಲ ಎದೆಯ ಎತ್ತರಕ್ಕೆ ಹಿಡಿದು ರೇಡಿಯೋ ವಾರ್ತೆಯಂತೆ ಓದಿ ಮುಗಿಸಿದರು. ಜನ ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ಕಾಗದದಿಂದ ತಲೆ ಎತ್ತಿದರು. ಎತ್ತಿದವರು ಹಾಗೆಯೇ ನಿಂತುಬಿಟ್ಟರು.

ಮೈದಾನದಂಚಿನ ಮರಗಳಿಗೆ ಬಿಡಿ ಬಿಡಿಯಾಗಿ ಎಲೆಗಳಿರುವುದು ಅವರಿಗೆ ಎಷ್ಟೋ ವರ್ಷಗಳ ಮೇಲೆ ಕಂಡಿತು. ಬಾವುಟ ಕಂಡಿತು. ದಿಬ್ಬ ಕಂಡಿತು. ಆಮೇಲೆ ಮಡಕೆಯ ಕಡೆ ನೋಡಿದರು. ಗಲ್ಲ ತಗ್ಗಿಸಿ ಒಮ್ಮೆ, ಎತ್ತಿ ಒಮ್ಮೆ, ಮತ್ತೆ ತಗ್ಗಿಸಿ ನೋಡಿದರು, ಎರಡು ಸೀರೆಗಳಲ್ಲಿ ಯಾವುದು ಕೊಳ್ಳಲಿ ಎಂದು ತೋಚದ ಗಿರಾಕಿಯಂತೆ. ಅವರ ಮುಖದಲ್ಲಿ ನಿಧಾನವಾಗಿ ಒಂದು ನಗು ಹರಡಿತು.

ಅವರು ಬಿಲ್ಲೆತ್ತಿದರು. ಆಕಾಶಕ್ಕಲ್ಲ, ನೇರಕ್ಕೆ.

"ನಿಲ್ಸೀ!" ಎಂದು ಚಾಳೀಸಪ್ಪ ಕಿರುಚಿದ. "ಅವರಿಗೆ ಕಾಣುತ್ತೆ! ಅಯ್ಯೋ, ಅಧ್ಯಕ್ಷರಿಗೆ ಕಣ್ಣು ಕಾಣುತ್ತೆ!"

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಇಷ್ಟು ಚೆನ್ನಾಗಿ ಹೆದರಿದ ಮಡಕೆಯವನನ್ನು ಅವರು ನೋಡಿರಲಿಲ್ಲ. ಹೆಂಡತಿ ಹೆಮ್ಮೆಯಿಂದ ತವರಿನವರ ಕಡೆ ತಿರುಗಿದಳು. ನರ್ಸಮ್ಮ ಚೀಲದ ಬಾಯಿ ಬಿಚ್ಚಿದರು. ಚಾಳೀಸಪ್ಪ ಕೋಲು ಬಿಟ್ಟು ಓಡಬೇಕೆಂದುಕೊಂಡ. ಕಾಲುಗಳು ಒಪ್ಪಲಿಲ್ಲ, ಅವು ಆಗಲೇ ಬೇರೆ ಯಾರದೋ ಆಗಿದ್ದವು. ಕಣ್ಣು ಮುಚ್ಚಿಕೊಂಡ. ಫೋಟೋದವನ ಕ್ಯಾಮೆರಾ ಕ್ಲಿಕ್ ಎಂದಿತು.

ಹಗ್ಗ ಠಣ್ ಎಂದಿತು.

ಕೋಲು ಅಲ್ಲಾಡಿಸಬೇಕೆಂಬುದು ನೆನಪಾಗುವ ಮೊದಲೇ ನೆತ್ತಿಯ ಮೇಲೆ ಏನೋ ಸಿಡಿಯಿತು. ತಣ್ಣಗಿನ ದ್ರವ ತಲೆಯಿಂದ ಮುಖಕ್ಕೆ, ಮುಖದಿಂದ ಬಿಳಿ ಅಂಗಿಗೆ ಇಳಿಯಿತು. ಒಂದು ಕಣ್ಣು ತೆರೆದು ನೋಡಿದ. ಕೆಂಪು. "ಹೋದೆ" ಎಂದು ಹೇಳಿ ನಿಂತಲ್ಲೇ ಕುಸಿದ.

ಕಣ್ಣು ಬಿಟ್ಟಾಗ ನರ್ಸಮ್ಮ ಅವನ ತಲೆಯನ್ನು ತಿಕ್ಕಿ ತಿಕ್ಕಿ ಗಾಯ ಹುಡುಕುತ್ತಿದ್ದರು. "ಏನೂ ಇಲ್ಲ, ಬಣ್ಣದ ನೀರು" ಎಂದು ಸ್ವಲ್ಪ ನಿರಾಸೆಯಿಂದ ಹೇಳಿ ಸೂಜಿಯನ್ನು ಚೀಲಕ್ಕೆ ಹಾಕಿದರು. ಚಾಳೀಸಪ್ಪ ಎರಡೂ ಕಿವಿ ಮುಟ್ಟಿ ನೋಡಿಕೊಂಡ. ಎರಡೂ ಇದ್ದವು.

ಹಳೆಯ ಮಡಕೆಯವರೆಲ್ಲ ದಿಬ್ಬದ ತುದಿಯಲ್ಲಿ ಬಾಣ ಹುಡುಕುತ್ತಿದ್ದರು. ಅಲ್ಲಿ ಇರಲಿಲ್ಲ. ಬಾಣ ಸಿಕ್ಕಿದ್ದು ಕೆಳಗೆ, ಚಾಳೀಸಪ್ಪ ನಿಂತಿದ್ದ ಜಾಗದ ನೇರ ಹಿಂದೆ. ಒಡೆದ ಮಡಕೆಯ ಕಂಠವನ್ನು ಉಂಗುರದಂತೆ ಧರಿಸಿಕೊಂಡು ಮಣ್ಣಿನಲ್ಲಿ ನಾಟಿಕೊಂಡಿತ್ತು. ಸಲೂನಿನವನು ಅದನ್ನು ನೋಡಿದ, ಕಾರ್ಯದರ್ಶಿಯನ್ನು ನೋಡಿದ. ಕಾರ್ಯದರ್ಶಿಯ ಮುಖ ಗೋಡೆಯ ಮೇಲಿನ ತನ್ನ ಫೋಟೋದಂತೆಯೇ ಆಯಿತು.

"ತಾಗಿದೆ!" ಎಂದು ಯಾರೋ ಪಿಸುಗುಟ್ಟಿದರು. "ನಿಜವಾಗ್ಲೂ ತಾಗಿದೆ!"

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಯಾರ ಕೈಯೂ ಹಿಡಿಯದೆ, ಒಂದು ಗುಂಡಿಗೂ ಬೀಳದೆ ಮೈದಾನ ದಾಟಿ ಬಂದರು. ನೇರ ಚಾಳೀಸಪ್ಪನ ಬಳಿ ಕೂತು ಅವನನ್ನು ತಬ್ಬಿಕೊಂಡರು.

"ಏನು ಕೈಗುಣವಯ್ಯ ನಿಂದು! ತಿರುಪು ಹಾಕು ಅಂದ್ರೆ ಕಣ್ಣೇ ಹಾಕಿದ್ದೀಯ. ಇಷ್ಟು ವರ್ಷ ನಾಟಕ ಆಡಿದ್ದು ಸಾಕು. ಇನ್ನು ಮೇಲೆ ಪ್ರತಿ ವರ್ಷ ನಿಜವಾಗಿಯೇ ಹೊಡೀತೀನಿ!"

ಚಾಳೀಸಪ್ಪನಿಗೆ ಒಂದೇ ಸಮಾಧಾನ ಉಳಿದಿತ್ತು. "ಹೊಡೀರಿ ಸಾರ್. ಮುಂದಿನ ವರ್ಷ ಹೊಸಬರು ಹಿಡೀತಾರೆ" ಎಂದು ಗೇಟಿನ ಕಡೆ ನೋಡಿದ. ಬ್ಯಾಂಕಿನ ಮೂವರೂ ಅಲ್ಲಿರಲಿಲ್ಲ. ಗೇಟು ಮಾತ್ರ ಇನ್ನೂ ಅಲ್ಲಾಡುತ್ತಿತ್ತು.

"ಹೊಸಬರು ಯಾರೂ ಸೇರೋ ಹಾಗೆ ಕಾಣಲ್ಲ ಭಾವ" ಎಂದ ಕಾರ್ಯದರ್ಶಿ, ಅವನ ಕಣ್ಣು ತಪ್ಪಿಸುತ್ತಾ. "ಸೇರೋವರೆಗೂ ನೀವೇ ಹೊಸಬರು. ಸಂಪ್ರದಾಯ."

"ಆದ್ರೆ ಒಂದು ವಿಷಯ" ಎಂದು ಅಧ್ಯಕ್ಷರು ದೂರಿನ ದನಿಯಲ್ಲಿ ಹೇಳಿದರು. "ಎರಡು ಮಡಕೆ ಇಡ್ತೀವಿ ಅಂತ ನನಗ್ಯಾಕೆ ಯಾರೂ ಹೇಳಲಿಲ್ಲ?"

"ಎರಡು ಮಡಕೆ?" ಎಂದರು ಎಲ್ಲರೂ.

"ಹೌದು. ಗಾಜಿನ ಮೇಲರ್ಧದಲ್ಲಿ ನೋಡಿದ್ರೆ ಒಂದು, ಚಿಕ್ಕದು, ಸ್ಪಷ್ಟವಾಗಿ. ಕೆಳಗಿನ ಅರ್ಧದಲ್ಲಿ ನೋಡಿದ್ರೆ ಅದರ ಕೆಳಗೇ ಇನ್ನೊಂದು. ಸ್ವಲ್ಪ ಮಬ್ಬು, ಆದ್ರೆ ದೊಡ್ಡದು, ಒಳ್ಳೇ ನುಣ್ಣಗೆ ಹೊಳೀತಿತ್ತು. ಆಸೆ ಆಯ್ತು. ಆದ್ರೂ ಮೊದಲನೇ ಸಲ ಅಲ್ವಾ, ಕಷ್ಟದ್ದನ್ನೇ ಹೊಡೆಯೋಣ ಅಂತ ಮೇಲಿಂದು ಹೊಡೆದೆ." ಅಧ್ಯಕ್ಷರು ಚಾಳೀಸಪ್ಪನ ಒದ್ದೆ ನೆತ್ತಿಯನ್ನು ಪ್ರೀತಿಯಿಂದ ತಟ್ಟಿದರು. "ಕೆಳಗಿಂದು ಮುಂದಿನ ವರ್ಷಕ್ಕೆ ಇರಲಿ."

ಚಾಳೀಸಪ್ಪ ನೆತ್ತಿಯ ಮೇಲೆ ಎರಡೂ ಕೈ ಮುಚ್ಚಿಕೊಂಡ. "ಸಾರ್, ಆ ಕನ್ನಡಕ ಒಂದು ನಿಮಿಷ ಕೊಡಿ. ಗಾಜು ಬದಲಾಯಿಸ್ತೀನಿ. ಮೊದಲಿನ ಹಾಗೇ ಮಾಡಿಕೊಡ್ತೀನಿ. ಕೈಮುಗೀತೀನಿ."

ಅಧ್ಯಕ್ಷರು ಎರಡೂ ಕೈಗಳಿಂದ ಕನ್ನಡಕವನ್ನು ಭದ್ರವಾಗಿ ಹಿಡಿದುಕೊಂಡು ಎದ್ದು ನಿಂತರು.

"ಇದನ್ನಾ? ಜೀವ ಹೋದ್ರೂ ಕೊಡಲ್ಲ" ಎಂದರು.

ಯಾರ ಜೀವ ಎಂದು ಹೇಳಲಿಲ್ಲ.